ನಂಬರ್ ಅಳಿಸಿಹೋದ ಬಾಕ್ಸ್‌ಕಾರ್ ಯಾವ ಕಾಲದ್ದು?

ಅಮೆರಿಕದ ಇಲಿನಾಯ್‌ನ ಹೊಲವೊಂದರ ಅಂಚಿನಲ್ಲಿ ಚಕ್ರವಿಲ್ಲದ ಹಳೆಯ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ರೈಲು ಡಬ್ಬಿ, ನೋಡಿದ್ದೀರಿ (ಮುಂದೆ ಬರೀ ‘ಕಾರು’ ಅಂದರೂ ಇದೇ). ಬಣ್ಣವೂ ಇಲ್ಲ, ನಂಬರೂ ಇಲ್ಲ, ಯಾವ ಕಾಲದ್ದು ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ್ದೀರಿ. ನನಗೆ ತುಂಬ ಇಷ್ಟದ ವಿಷಯ ಇದು.

ಬಾಗಿಲಿನಿಂದ ಶುರು ಮಾಡಬೇಡಿ. ಜಜ್ಜಿಹೋದ ಬಾಗಿಲು ತೆಗೆದು ಬೇರೆ ಹಾಕುತ್ತಿದ್ದರು. ಮೊದಲು ತುದಿಗೋಡೆ ನೋಡಿ. ರೈಲು ತಟ್ಟನೆ ನಿಂತಾಗ ಒಳಗಿನ ಸರಕೆಲ್ಲ ಬಂದು ಗುದ್ದೋದು ಆ ಗೋಡೆಗೇ ಅಲ್ವಾ? ಅದನ್ನು ಗಟ್ಟಿ ಮಾಡೋಕೆ ತಗಡಿನಲ್ಲಿ ಅಡ್ಡಡ್ಡ ಉಬ್ಬುಗಳನ್ನು ಒತ್ತುತ್ತಿದ್ದರು. ಆ ಉಬ್ಬಿನ ಆಕಾರವೇ ಕಾಲ ಹೇಳುತ್ತದೆ. ಉದ್ದಕ್ಕೂ ಒಂದೇ ದಪ್ಪದ ಸುಕ್ಕುಗಳಿದ್ದರೆ ಅದು ಮರ್ಫಿ ಮಾದರಿ, ಸುಮಾರು 1910–20ರ ದಶಕದ್ದು. ಎರಡೂ ಕೊನೆಗೆ ಸಣ್ಣಗಾಗುತ್ತಾ ಹೋಗುವ ಉಬ್ಬು, ನಡುನಡುವೆ ಮೂಲೆಯಲ್ಲಿ ಚಿಕ್ಕ ಮೊನೆಗಳು ಇದ್ದರೆ ಅದು ಡ್ರೆಡ್‌ನಾಟ್ ಮಾದರಿ. 1940ರ ದಶಕದ ಮಧ್ಯದಿಂದ ಅದೇ ಡ್ರೆಡ್‌ನಾಟ್ ಉಬ್ಬು ಲಟ್ಟಣಿಗೆಯ ಹಾಗೆ ಆಯಿತು. ಒಂದು ಸಲ ಕಣ್ಣಿಗೆ ಬಿದ್ದರೆ ಮತ್ತೆ ಮರೆಯೋದಿಲ್ಲ.

ಉಬ್ಬೇ ಇಲ್ಲದೆ ಸಪಾಟಾಗಿದ್ದು, ಮೈಯೆಲ್ಲ ಉಕ್ಕಾಗಿದ್ದರೆ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ಎಕ್ಸ್29 ಮಾದರಿಯ ಕಾರು ಇರಬಹುದು. 1924ರಿಂದ ಸಾವಿರಗಟ್ಟಲೆ ಕಟ್ಟಿದರು. ಆದರೆ ಕೊನೆಕೊನೆಯವುಗಳಿಗೆ ಡ್ರೆಡ್‌ನಾಟ್ ಗೋಡೆಯೇ ಬಂತು.

ಆಮೇಲೆ ಪಕ್ಕದ ಗೋಡೆ. ಉಕ್ಕಿನ ಕಂಬ, ಓರೆಪಟ್ಟಿಗಳು ಹೊರಗೆ ಕಾಣುತ್ತಾ ಹಲಗೆ ಅವುಗಳ ಒಳಗಡೆ ಇದ್ದರೆ, ಅದು ಒಂಟಿ ಹಲಗೆಯ ಕಾರು, ಅಂದರೆ ಗೋಡೆಗೆ ಒಂದೇ ಪದರ ಹಲಗೆ. ಮೊದಲ ಮಹಾಯುದ್ಧದ ಹೊತ್ತಿಗೆ ರೈಲುಗಳನ್ನು ಸರ್ಕಾರವೇ ನಡೆಸುತ್ತಿತ್ತು. ಆಗ, 1918ರಲ್ಲಿ, ಇಂಥ 50 ಟನ್ ಕಾರಿಗೆ ಒಂದು ಸ್ಟ್ಯಾಂಡರ್ಡ್ ವಿನ್ಯಾಸ ಮಾಡಿದರು. ಪೂರ್ತಿ ಉಕ್ಕಿನ ಕಾರಾದರೆ ತಗಡು ಕೂಡುವ ಜಾಗ ಮುಟ್ಟಿ ನೋಡಿ. ಸಾಲು ರಿವೆಟ್‌ಗಳಿದ್ದರೆ ಸಾಮಾನ್ಯವಾಗಿ ಹಳೆಯದು. ವೆಲ್ಡಿಂಗ್ ಇದ್ದರೆ 1947ರಿಂದ ಬಂದ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿಯ ಪಿಎಸ್-1 ಮಾದರಿ ಇರಬಹುದು.

ಒಂದು ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಚಾವಣಿ ಮೇಲೆ ನಡೆಯುವ ಹಲಗೆ ಇರಲಿಲ್ಲ, 1966ರ ನಂತರದ್ದು ಅಂದುಕೊಂಡೆ. ಹೊಸ ಕಾರುಗಳಿಗೆ ಆ ಹಲಗೆ ಹಾಕೋದನ್ನು ನಿಲ್ಲಿಸಿದ್ದು ಆಗಲೇ. ಆದರೆ ಹಳೆಯ ಕಾರುಗಳಿಂದಲೂ ಆಮೇಲೆ ಕಿತ್ತು ಹಾಕಿದ್ದರು. ತುದಿಗೋಡೆಯಲ್ಲಿ ಹಳೆಯ ಡ್ರೆಡ್‌ನಾಟ್ ಉಬ್ಬುಗಳಿದ್ದವು!

ಹೊಲದವರನ್ನು ಕೇಳಿಕೊಂಡು ಒಳಗಿನ ಎತ್ತರ ಟೇಪ್ ಹಿಡಿದು ಅಳೆಯಿರಿ. ಅಮೆರಿಕದ ರೈಲು ಕಂಪನಿಗಳ ಸಂಘದ 1937ರ ಸ್ಟ್ಯಾಂಡರ್ಡ್ ಕಾರಿನದು 10 ಅಡಿ, ಆಮೇಲೆ 10 ಅಡಿ 6 ಇಂಚಿನವು ಜಾಸ್ತಿಯಾದವು. ತುದಿಗೋಡೆಯ ಫೋಟೋವನ್ನು ನೇರ ಎದುರಿನಿಂದ ತೆಗೆದು ಇಲ್ಲಿ ಹಾಕಿ. ಉಬ್ಬುಗಳನ್ನು ಇಬ್ಬರೂ ಸೇರಿ ಎಣಿಸೋಣ.