ಚಾಮುಂಡಿ ಬೆಟ್ಟದ ರಸ್ತೆ ಕುಸಿದಿದ್ದು ಲಿಕ್ವಿಫ್ಯಾಕ್ಷನ್‌ನಿಂದಲಾ?

2021ರ ಮಳೆಗೆ ನಂದಿ ಕಡೆ ಹೋಗುವ ರಸ್ತೆ ಕುಸಿದಿತ್ತಲ್ಲ, ಅದು ಲಿಕ್ವಿಫ್ಯಾಕ್ಷನ್ನಾ, ಅಂದರೆ ಗಟ್ಟಿ ನೆಲವೇ ದ್ರವದಂತಾಗಿ ಹರಿಯುವುದಾ ಅಂತ ಕೇಳಿದ್ದೀರಿ. ಅಲ್ಲ. ಎರಡರಲ್ಲೂ ಕೆಡಿಸುವುದು ನೀರಿನ ಒತ್ತಡವೇ, ಆದರೆ ಅದು ಏರುವ ರೀತಿ ಬೇರೆ.

ಕಣಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುವುದೇ ಮಣ್ಣಿನ ಬಲ. ಇಳಿಜಾರಿನಲ್ಲಿ ಇಂಗಿದ ಮಳೆನೀರು ಕೆಳಗೆ ಬಂಡೆ ಸಿಕ್ಕರೆ ಅದರ ಮೇಲೇ ಒಳಗೊಳಗೆ ಹರಿಯುತ್ತದೆ, ಹೊರಹೋಗಲು ದಾರಿ ಸಿಗದಿದ್ದರೆ ತಡೆಗೋಡೆಯ ಹಿಂದೆ ತುಂಬಿಕೊಂಡು, ಒತ್ತಡ ಏರಿ, ಕಣಗಳ ಹಿಡಿತ ಸಡಿಲಾಗಿ, ಮಣ್ಣಿನ ಭಾರವೂ ಜಾಸ್ತಿಯಾಗಿ ಕೊನೆಗೆ ಜಾರುತ್ತದೆ. ತಡೆಗೋಡೆಯಲ್ಲಿ ಸಾಲಾಗಿ ಪೈಪ್ ತೂತು ಬಿಟ್ಟಿರುತ್ತಾರಲ್ವಾ, ಅದು ಇದಕ್ಕೇ. ಅವು ಕಸ ಕಟ್ಟಿಕೊಂಡಿರುವುದನ್ನು ನೋಡಿದರೆ ನನಗಂತೂ ಸಂಕಟವಾಗುತ್ತದೆ.

ಲಿಕ್ವಿಫ್ಯಾಕ್ಷನ್‌ಗೆ ಸಾಮಾನ್ಯವಾಗಿ ನೀರು ತುಂಬಿದ ಸಡಿಲ ಮರಳು, ಜೊತೆಗೆ ಭೂಕಂಪದ ಅಲುಗಾಟ ಬೇಕು. ಅಲುಗಿದಾಗ ಕಣಗಳು ಒತ್ತಾಗಿ ಕೂರಲು ನೋಡುತ್ತವೆ, ನೀರು ಅಷ್ಟು ಬೇಗ ಹೊರಹೋಗಲ್ಲ, ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಆಗ ನೆಲ ಗಂಜಿಯಂತೆ ಹರಿಯುತ್ತದೆ.

2018ರ ಸೆಪ್ಟೆಂಬರ್ 28ರಂದು ಇಂಡೋನೇಷ್ಯಾದ ಪಾಲುವಿನಲ್ಲಿ 7.5 ತೀವ್ರತೆಯ ಭೂಕಂಪವಾದಾಗ, ಸಪಾಟು ಅನ್ನಿಸುವಷ್ಟು ಕಡಿಮೆ ಇಳಿಜಾರಿನಲ್ಲೇ ಮನೆಗಳು ನೆಲದ ಸಮೇತ ಜಾರಿದವು. ಮೇಲೆ ನೀರಾವರಿ ನಾಲೆ, ಕೆಳಗೆ ಭತ್ತದ ಗದ್ದೆ, ನೀರು ಇಂಗಿ ಅಂತರ್ಜಲ ಮೇಲೆ ಬಂದಿತ್ತು.

ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನವರು ಇದನ್ನು ಓದಿ ಸುಮ್ನೆ ಹೆದರಬೇಡಿ, ನಮ್ಮಲ್ಲಿ ಭೂಕಂಪದ ಅಪಾಯ ಕಡಿಮೆ. ಗಮನಿಸಬೇಕಾದ್ದು ನಾಲೆ ಏರಿಯ ಬುಡದ ಒಸರು. ತಿಳಿನೀರಿನ ಬದಲು ಬಗ್ಗಡ ಬರತೊಡಗಿದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಅಂತ. ಅವತ್ತೇ ನೀರಾವರಿ ಇಂಜಿನಿಯರ್‌ಗೆ ತಿಳಿಸಿ.