ಮೊದಲು ಕಿವಿಯ ಹತ್ತಿ ತೆಗೀರಿ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಿಂದ ಬಂದ ಪತ್ರ ಇದು. ಓದಿದ ಮೇಲೆ ಇನ್ನೊಂದು ಪತ್ರ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಬರೆದವರಿಗೆ 46 ವರ್ಷ, ಬಹಳ ಕಾಲದಿಂದ ಕಳೆ ಕತ್ತರಿಸುವ ಯಂತ್ರ, ಅಂದರೆ ವೀಡ್ ಕಟರ್ ಹಿಡಿದವರು. ಈಗ ಎರಡೂ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗುವ ಸದ್ದು, ಕಿವಿ ಮೊರೆತ ಅಂತಾರಲ್ಲ, ಅದು. ಸ್ಟೀಲ್ ತಟ್ಟೆ ಬಿದ್ದರೆ, ಮಿಕ್ಸಿ ತಿರುಗಿದರೆ, ಕುಕ್ಕರ್ ಕೂಗಿದರೆ ಅದು ಏರುತ್ತದೆ, ಇಳಿಯಲು ಅರ್ಧ ದಿನ ಬೇಕು. "ಮದುವೆ ಮನೆಗೂ ಹೋಗ್ತಿಲ್ಲ, ಏನು ಮಾಡಲಿ?" ಎಂದು ಕೇಳಿದ್ದಾರೆ.

ನೋಡಿ, ನಿಮ್ಮ ಕಷ್ಟ ನಿಜ. ಅದು ಭ್ರಮೆ ಅಂತ ಯಾರು ಹೇಳಿದರೂ ಕೇಳಬೇಡಿ. ಆದರೆ ಪತ್ರದ ಕೊನೆಗೆ ಒಂದು ಸಾಲು ಸುಮ್ನೆ ಬರೆದು ಬಿಟ್ಟಿದ್ದೀರಿ: "ಭಾವ ಹೇಳಿದ ಮೇಲೆ ಕಿವಿಗೆ ಹತ್ತಿ ಇಟ್ಕೊಂಡೇ ಇರ್ತೀನಿ, ಮಲಗುವಾಗಲೂ ತೆಗೆಯಲ್ಲ." ನನಗೆ ಗಾಬರಿಯಾಗಿದ್ದು ಇದನ್ನು ಓದಿ.

ಹೊರಗಿನ ಸದ್ದು ಕಡಿಮೆಯಾದಷ್ಟೂ ಮಿದುಳು, ಸ್ಟೇಷನ್ ಸರಿಯಾಗಿ ಸಿಗದ ರೇಡಿಯೊದ ವಾಲ್ಯೂಮ್ ಏರಿಸುವ ಹಾಗೆ, ತನ್ನ ಗ್ರಹಿಕೆಯನ್ನು ಏರಿಸಿಕೊಳ್ಳುತ್ತದೆ. ಒಳಗಿನ ಗುಂಯ್ ಎನ್ನುವ ಸದ್ದೂ ಜಾಸ್ತಿ ಕೇಳುತ್ತದೆ, ತಟ್ಟೆಯ ಸದ್ದೂ ಸುತ್ತಿಗೆಯ ಏಟಾಗುತ್ತದೆ. ಆಗ ಇನ್ನಷ್ಟು ಹತ್ತಿ ತುರುಕುತ್ತೀರಿ, ಅಲ್ವಾ? ಕಿವಿ ಮುಚ್ಚಬೇಕಾಗಿದ್ದು ತೋಟದಲ್ಲಿ. ದಿನಕ್ಕೆ 8 ಗಂಟೆ 85 ಡೆಸಿಬಲ್ ದಾಟಿದ ಸದ್ದಿನಲ್ಲಿದ್ದರೆ ಕಿವಿ ಕೆಡುತ್ತಾ ಹೋಗುತ್ತದೆ, ವೀಡ್ ಕಟರ್ ಅದನ್ನು ಸುಲಭವಾಗಿ ದಾಟುತ್ತದೆ. ಅದಕ್ಕೆ ಹತ್ತಿ ಸಾಲದು, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ಬೇಕು.

ನಿಮ್ಮ ಭಾವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಹತ್ತಿಯ ಜೊತೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ ಕಿವಿಗೆ ಹಾಕಿಸಿದ್ದಾರಂತೆ! ಕಿವಿತಮಟೆಯಲ್ಲಿ ತೂತಿದ್ದರೆ ಗತಿಯೇನು? ಕಿವಿ ನೋಡದವರು ಕಿವಿಗೆ ಔಷಧಿ ಹೇಳಬಾರದು, ಇದನ್ನು ನಾನು ಎಷ್ಟು ಸಲ ಬರೆದರೂ ಸಾಲದು. ನನಗೆ ಹೆಚ್ಚು ಪಾಪ ಅನ್ನಿಸಿದ್ದು ನಿಮ್ಮ ಮನೆಯವರನ್ನು ನೆನೆದು. ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನ ಬಸಿಯುತ್ತಿದ್ದಾರೆ, ತಟ್ಟೆಗಳ ನಡುವೆ ಬಟ್ಟೆ ಇಟ್ಟು ಜೋಡಿಸುತ್ತಿದ್ದಾರೆ. ಅವರ ಬಗ್ಗೆ ನೀವು ಬರೆದಿದ್ದು ಇಷ್ಟೇ.

ನಾಳೆಯಿಂದ ಮನೆಯೊಳಗೆ ಹತ್ತಿ ಬೇಡ. ಒಮ್ಮೆಲೇ ಆಗದಿದ್ದರೆ ಬೆಳಿಗ್ಗೆ ಒಂದು ಗಂಟೆ ತೆಗೆದಿಡಿ, ದಿನದಿನಕ್ಕೆ ಹೆಚ್ಚಿಸಿ. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಹಾಕಿ, ಅದರ ಸದ್ದು ಕಿವಿಯ ಸದ್ದಿಗಿಂತ ಸ್ವಲ್ಪ ಕಡಿಮೆಯೇ ಇರಲಿ.

ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಲೇಬೇಕು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ, ಕಿವಿ ಮೊರೆತಕ್ಕೂ ಅಲ್ಲಿ ಪರೀಕ್ಷೆ, ಸಲಹೆ ಎರಡೂ ಸಿಗುತ್ತವೆ. ಕೇಳುವಿಕೆ ಕಡಿಮೆಯಾಗಿದ್ದರೆ ಶ್ರವಣ ಸಾಧನ ಹಾಕಿಕೊಂಡಾಗ ಎಷ್ಟೋ ಜನರಿಗೆ ಮೊರೆತವೂ ತಗ್ಗುತ್ತದೆ. ಒಂದೇ ಕಿವಿಯಲ್ಲಿ ಸದ್ದು ಬಂದರೆ, ನಾಡಿ ಮಿಡಿತದ ಹಾಗೆ ಬಡಿದರೆ ಬೇಗ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳದೆ ಹೋದರಂತೂ ಅವತ್ತೇ ಹೋಗಬೇಕು.

ಈ ಉತ್ತರವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಮೈಸೂರಿಗೆ ಹೋಗುವಾಗ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಭಾವ ಬೇಡ.