ಪ್ರತಿ ವರ್ಷ ಅದೇ ಹಬ್ಬ, ಅದೇ ಕೆಲಸ, ಬೇಜಾರಾಗಲ್ವಾ?

ವರ್ಷಾ ವರ್ಷಾ ಅದೇ ಅಡುಗೆ, ಅದೇ ಕ್ರಮ, ಹಬ್ಬಕ್ಕೆ ಊರಿಗೆ ಹೋಗೋ ಬದಲು ಎಲ್ಲಾದರೂ ಟ್ರಿಪ್ ಹೋಗಬಾರದಾ ಅಂತ ಕೇಳಿದ್ದೀರಿ. ಹೋಗಿ, ಯಾರು ಬೇಡ ಅಂದರು? ಬೇರೆ ಹಬ್ಬಗಳಿಗೆ ನಾನೂ ಹೋಗಿದ್ದೇನೆ. ಸಂಕ್ರಾಂತಿಗೆ ಮಾತ್ರ ಆಗಲ್ಲ. ನಮ್ಮ ಮನೆಯಲ್ಲಿ ಕೊಬ್ಬರಿ ಸಿಪ್ಪೆ ಹೆರೆಯೋದು ನನ್ನ ಕೆಲಸ.

ನಮ್ಮದು ತಿಪಟೂರು ಕಡೆ, ಕೊಬ್ಬರಿಗೆ ಬರವಿಲ್ಲ. ಹಬ್ಬಕ್ಕೆ ಐದಾರು ದಿನ ಇರುವಾಗಲೇ ನಡುಮನೆಯಲ್ಲಿ ಹಳೇ ಪಂಚೆ ಹಾಸಿ ಎಲ್ಲರೂ ಕೂರುತ್ತೇವೆ. ನಾನು ಕಂದು ಸಿಪ್ಪೆ ಹೆರೆದು ಬೆಳ್ಳಗೆ ಮಾಡಿ ಕೊಟ್ಟರೆ ಅತ್ತೆ ಸಣ್ಣಗೆ ಹೆಚ್ಚುತ್ತಾರೆ, ಅಪ್ಪನದು ಅಡಕತ್ತರಿ ಮತ್ತು ಬೆಲ್ಲ. ಬೆಲ್ಲ ಮೆತ್ತಗಿದ್ದರೆ ಅಂಟಿಕೊಳ್ಳುತ್ತೆ, ಆಗ ಅಂಗಡಿಯವನಿಗೆ ಬೈಗುಳ, ಅದೂ ಪ್ರತಿ ವರ್ಷ ಇದ್ದದ್ದೇ. ಹೆಚ್ಚಿದ್ದನ್ನೆಲ್ಲ ತಾರಸಿ ಮೇಲೆ ಬಿಸಿಲಿಗೆ ಹಾಕಿ ಮಕ್ಕಳನ್ನು ಕಾಗೆ ಕಾಯೋಕೆ ಕೂರಿಸುತ್ತೇವೆ. ಕಾಗೆಗಿಂತ ಅವರೇ ಜಾಸ್ತಿ ತಿನ್ನುತ್ತಾರೆ.

ಕೆಲವು ವರ್ಷದ ಹಿಂದೆ ಜಮೀನು ಭಾಗದ ವಿಷಯಕ್ಕೆ ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಿದ್ದರು. ದೀಪಾವಳಿಗೆ ಚಿಕ್ಕಪ್ಪ ಬರಲಿಲ್ಲ. ಜನವರಿಯಲ್ಲಿ ಬಂದರು, ಕರೆದವರು ಯಾರೂ ಇಲ್ಲ. ಚಪ್ಪಲಿ ಬಿಟ್ಟು ಸೀದಾ ಅಪ್ಪನ ಎದುರು ಕೂತು ಇನ್ನೊಂದು ಅಡಕತ್ತರಿ ಎತ್ತಿಕೊಂಡರು. ಬೆಲ್ಲ ಹೆಚ್ಚುವಾಗ ಕಣ್ಣು ಬೆರಳ ಮೇಲೇ ಇರಬೇಕಲ್ಲ, ಹಾಗಾಗಿ ಇಬ್ಬರೂ ತಲೆ ಎತ್ತದೆ ಇದ್ದರೂ ಯಾರಿಗೂ ಏನೂ ಅನಿಸಲಿಲ್ಲ. ಮುಕ್ಕಾಲು ಗಂಟೆ ಬರೀ ಕಟ್ ಕಟ್ ಸದ್ದು. ಆಮೇಲೆ ಅಪ್ಪ ಚಿಕ್ಕಪ್ಪನ ತಟ್ಟೆಯಿಂದ ಒಂದು ಚೂರು ಎತ್ತಿ ನೋಡಿ, "ಇಷ್ಟು ದಪ್ಪ ಇದ್ರೆ ಮಕ್ಕಳ ಹಲ್ಲು ಉಳಿಯುತ್ತೇನೋ?" ಅಂದರು. "ನಿನ್ ಬೆಲ್ಲ ನೀನ್ ನೋಡ್ಕೊಳ್ಳಣ್ಣ." ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತೀವಿ. ಇವರು ತಿನ್ನೋ ಮೊದಲೇ ಶುರು ಮಾಡಿದರು, ಒಳ್ಳೆ ಮಾತಂತೂ ಅಲ್ಲ. ಆದರೆ ಯಾರಾದರೂ ರಾಜಿ ಮಾಡಿಸೋಕೆ ಅಂತ ಕೂರಿಸಿದ್ದರೆ ಇಬ್ಬರೂ ಎದ್ದು ಹೋಗುತ್ತಿದ್ದರು. ಬರೋಕೆ ಒಂದು ನೆಪ ಬೇಕಿತ್ತು, ಅದು ಮನೆಯಲ್ಲಿ ಮೊದಲೇ ತಯಾರಾಗಿ ಕೂತಿತ್ತು.

ಇನ್ನೊಂದು ಅನುಕೂಲ, ಇದು ಸೂರ್ಯನ ಲೆಕ್ಕದ ಹಬ್ಬ. ದೀಪಾವಳಿ ಥರ ಹಿಂದೆ ಮುಂದೆ ಓಡಾಡಲ್ಲ, ಜನವರಿ 14 ಇಲ್ಲ 15. (ಅದೂ ನಿಧಾನಕ್ಕೆ ಸರಿಯುತ್ತೆ, ಸುಮಾರು 70 ವರ್ಷಕ್ಕೆ ಒಂದು ದಿನ. ವಿವೇಕಾನಂದರು ಹುಟ್ಟಿದ ದಿನ, 1863ರ ಜನವರಿ 12, ಸಂಕ್ರಾಂತಿಯೇ ಆಗಿತ್ತು.) ನಾನು ಡಿಸೆಂಬರಿನಲ್ಲೇ ರಜೆ ಹಾಕಿ ಸುಮ್ನೆ ಇರ್ತೀನಿ.

ಒಂದು ವರ್ಷ ಅಮ್ಮನಿಗೆ ಹುಷಾರಿರಲಿಲ್ಲ ಅಂತ ಹೆಚ್ಚಿದ ಕೊಬ್ಬರಿ, ಬೆಲ್ಲ ಎಲ್ಲ ಪ್ಯಾಕೆಟ್ ತಂದೆವು. ರುಚಿಗೇನೂ ಕೊರತೆ ಇರಲಿಲ್ಲ. ಆದರೆ ಮುಂಚೆ ಬಂದು ಮಾಡೋಕೆ ಕೆಲಸವೇ ಇಲ್ಲ, ಎಲ್ಲರೂ ಹಬ್ಬದ ಬೆಳಿಗ್ಗೆ ಬಂದು ಪೊಂಗಲ್ ತಿಂದು ಸಂಜೆ ಬಸ್ಸು ಹತ್ತಿದರು.

ಬೇಜಾರೇ ಇಲ್ಲ ಅಂತಲ್ಲ. ಮೂರನೇ ದಿನಕ್ಕೆ ಹೆಬ್ಬೆರಳಲ್ಲಿ ಗುಳ್ಳೆ ಏಳುತ್ತೆ, ಬೈಕೊಂಡೇ ಹೆರೆಯುತ್ತೇನೆ. ಸಕ್ಕರೆ ಅಚ್ಚಿಂದೂ ಒಂದು ಕಥೆ. ಮರದ ಅಚ್ಚನ್ನು ನೀರಲ್ಲಿ ನೆನೆಸಿ, ದಾರ ಬಿಗಿದು, ಅಮ್ಮ ಪಾಕ ಹೊಯ್ಯುತ್ತಾರೆ. ಗಿಳಿ ಅಚ್ಚಿನ ಕೊಕ್ಕು ನಾನು ಹುಟ್ಟೋ ಮೊದಲೇ ಮುರಿದಿತ್ತಂತೆ. ಹೊಸದು ತರೋಣ ಅಂತ ಎಷ್ಟು ಸಲ ಹೇಳಿದರೂ ಯಾರೂ ಒಪ್ಪಲ್ಲ. ಎಳ್ಳು ಬೀರಿ ಬಂದ ಮೇಲೆ ಯಾವ ಡಬ್ಬಿ ಯಾರದು ಅಂತ ಕಲಸಿಹೋದರೆ, ಕೊಕ್ಕಿಲ್ಲದ ಗಿಳಿ ಇರೋದು ನಮ್ಮದು ಅಂತ ಬೀದಿಗೆಲ್ಲ ಗೊತ್ತು.